ಬೆಂಗಳೂರಿನ ನೀರು: ಬರುವ ದಾರಿ, ಹೋಗುವ ದಾರಿ



ಬೆಂಗಳೂರಿಗೆ ಹೊಳೆಯಿಲ್ಲ. ನಮ್ಮ ಸೀಮೆಯ ಹಿರಿಯ ಊರುಗಳನ್ನು ಎಣಿಸುತ್ತ ಹೋದರೆ ಶ್ರೀರಂಗಪಟ್ಟಣವು ಕಾವೇರಿಯ ನಡುವೆ ಇದೆ, ನಂಜನಗೂಡು ಕಪಿಲೆಯ ದಡದಲ್ಲಿದೆ, ಶಿವಮೊಗ್ಗೆ ತುಂಗೆಯ ದಡದಲ್ಲಿದೆ. ಬೆಂಗಳೂರೊಂದು ಮಾತ್ರ ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನೇರಿ ಕುಳಿತಿದೆ. ಇಲ್ಲಿ ಸುರಿದ ಮಳೆ, ಹೆಂಚಿನ ಮನೆಯ ಮಾಡಿನ ಮೇಲೆ ಬಿದ್ದ ನೀರಿನಂತೆ, ಎರಡು ಕಡೆಗೆ ಹಂಚಿಹೋಗುತ್ತದೆ. ಪಶ್ಚಿಮಕ್ಕೆ ಬಿದ್ದುದು ವೃಷಭಾವತಿಯ ಹಳ್ಳವನ್ನು ಹಿಡಿದು ಅರ್ಕಾವತಿಯನ್ನೂ, ಅದರ ಮೂಲಕ ಕಾವೇರಿಯನ್ನೂ ಸೇರುತ್ತದೆ. ಪೂರ್ವಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಈ ಭೂಗೋಳದ ಪಾಠವನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ದೆಹಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದದ್ದು ಇದೇ ದಿಣ್ಣೆಯ ಮಾತು.

ಹೊಳೆಯಿಲ್ಲದ ಊರಿಗೆ ಕೆರೆಯೇ ಗತಿ. 1537ರಲ್ಲಿ ಪೇಟೆಯನ್ನು ಕಟ್ಟಿಸಿದ ಕೆಂಪೇಗೌಡರೂ ಅವರ ತರುವಾಯದವರೂ ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಮುಂತಾದ ಕೆರೆಗಳೂ, ಅವುಗಳ ಆಶ್ರಯದಲ್ಲಿ ನೀರೂಡಿದ ಬಾವಿಗಳೂ ಕಲ್ಯಾಣಿಗಳೂ ಊರನ್ನು ಸಾಕಿದವು. ಆದರೆ ಇಲ್ಲಿ ನಾವು ಗಮನಿಸಬೇಕಾದದ್ದು ಕಟ್ಟೆಯ ಮಣ್ಣುಕಲ್ಲನ್ನಷ್ಟೇ ಅಲ್ಲ. ಕೆರೆಯನ್ನು ಕಟ್ಟಿಸಿದವನಿಗೆ, ಅದನ್ನು ದುರಸ್ತಿನಲ್ಲಿಟ್ಟವನಿಗೆ ಕಟ್ಟುಕೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದರು. ತೂಬನ್ನು ತೆಗೆದು ಮುಚ್ಚುವ ನೀರುಗಂಟಿಗೆ ಊರ ಬೆಳೆಯಲ್ಲಿ ಆಯವಿದ್ದಿತು. ಯಾರು ಮಾಡಬೇಕು, ಅವನಿಗೆ ಯಾರು ಕೊಡಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವಿದ್ದರೆ ಅದನ್ನು ಸಂಸ್ಥೆ ಎನ್ನಬಹುದು. ಲಿಖಿತ ಶಾಸನ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಆ ಏರ್ಪಾಡಿನಲ್ಲಿ ಎಲ್ಲರಿಗೂ ಸಮನಾದ ಪಾಲು ಇದ್ದಿತೆಂದು ಭ್ರಮಿಸಬಾರದು. ಬಾವಿಯ ಕಟ್ಟೆಯನ್ನೇ ಹತ್ತಲಾಗದವರು ಪ್ರತಿ ಊರಿನಲ್ಲಿಯೂ ಇದ್ದರು. ಹೊನ್ನಿನ ಕಾಲವೆಂದು ಹಿಂದಿನದನ್ನು ಹೊಗಳುವ ಅಭ್ಯಾಸವಿರುವವರು ಈ ಮಾತನ್ನು ಬಿಟ್ಟೇ ಹೇಳುತ್ತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಏರ್ಪಾಡಿನ ಮೇಲೆ ಎರಡು ಭಾರಗಳು ಬಿದ್ದವು. 1809ರಲ್ಲಿ ಪೇಟೆಯ ಪಕ್ಕದಲ್ಲಿ ಇಂಗ್ಲಿಷರ ದಂಡು ಬಂದು ನೆಲಸಿತು. ಒಂದು ದಿಣ್ಣೆಯ ಮೇಲೆ ಎರಡು ಊರುಗಳಾದವು. 1862ರಲ್ಲಿ, ಹಿಂದೂದೇಶಕ್ಕೆಲ್ಲ ಅನ್ವಯಿಸುವಂತೆ ಮಾಡಿದ್ದ 1850ರ ಶಾಸನವನ್ನು ಅನುಸರಿಸಿ ಪೇಟೆಗೊಂದು, ದಂಡಿಗೊಂದು, ಹೀಗೆ ಬೇರೆಬೇರೆ ಮುನಿಸಿಪಾಲಿಟಿಗಳು ಹುಟ್ಟಿದವು. 1881ರಲ್ಲಿ ಸಂಸ್ಥಾನವನ್ನು ಅರಸರಿಗೆ ಮರಳಿ ಒಪ್ಪಿಸಿದಾಗ ಪೇಟೆ ಮಹಾರಾಜರ ಸರ್ಕಾರಕ್ಕೆ ಸೇರಿತು; ದಂಡಿನ ಪ್ರದೇಶವು ರೆಸಿಡೆಂಟರ ಅಧಿಕಾರದಲ್ಲಿಯೇ ಉಳಿಯಿತು. ನೀರಿಗೆ ಈ ಗಡಿ ತಿಳಿಯದು. ಒಂದು ಆಡಳಿತದ ಚರಂಡಿ ಇನ್ನೊಂದು ಆಡಳಿತದ ಕೆರೆಗೆ ಇಳಿದರೆ ದೂರನ್ನು ಯಾರಿಗೆ ಕೊಡುವುದು?

ಎರಡನೆಯ ಭಾರವೆಂದರೆ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ. 1876ರಿಂದ 1878ರವರೆಗೆ ಮಳೆ ಕೈಕೊಟ್ಟು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗವೇ ಕರಗಿಹೋಯಿತು. ಕೆರೆ ಬತ್ತಿದರೆ ನಗರವೂ ಬತ್ತುತ್ತದೆ ಎಂಬುದು ಅಂದು ದಂಡಿನವರಿಗೂ ಮನವರಿಕೆಯಾಯಿತು. 1882ರಲ್ಲಿ ಕರ್ನಲ್ ಸ್ಯಾಂಕಿಯವರ ಹೆಸರಿನ ಕೆರೆ ಸಿದ್ಧವಾಯಿತು. ಅದೂ ಸಾಲಲಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ 1894ರಲ್ಲಿ ಕೆಲಸ ಆರಂಭವಾಗಿ, 1896ರ ವೇಳೆಗೆ ಹೆಸರಘಟ್ಟದಿಂದ ಅರ್ಕಾವತಿಯ ನೀರು ಬೆಂಗಳೂರಿಗೆ ಬಂದಿತು. ಸೋಲದೇವನಹಳ್ಳಿಯಲ್ಲಿ ಆವಿಯಂತ್ರಗಳು ನೀರನ್ನು ಎತ್ತಿ ನೂಕುತ್ತಿದ್ದವು. ಇದಕ್ಕೆ ಚಾಮರಾಜೇಂದ್ರ ಜಲಕಾರ್ಖಾನೆಯೆಂದು ಹೆಸರಾಯಿತು. ಪೇಟೆಗೂ ದಂಡಿಗೂ ನೀರು ಇಲ್ಲಿಂದಲೇ. ಆಡಳಿತ ಎರಡಾದರೂ ಕೊಳಾಯಿಯ ಮೂಲ ಒಂದಾಯಿತು.

ಕೊಳಾಯಿಯ ನೀರು ಬಂದುದು ಜನರ ಮನೋಧರ್ಮದ ಮೇಲೆ ಏನು ಮಾಡಿತೆಂಬುದಕ್ಕೆ ನನ್ನ ಅಜ್ಜಿ ಹೇಳುತ್ತಿದ್ದ ಒಂದು ಸಂಗತಿಯುಂಟು. ಅವರ ಅತ್ತೆಯವರು ನಲ್ಲಿಯೊಳಗೆ ತೊಗಲಿನ ಬಿಲ್ಲೆಯಿದೆಯೆಂದು ಕೇಳಿ, ಆ ನೀರನ್ನು ಪಾತ್ರೆ ತೊಳೆಯುವುದಕ್ಕೂ ಗಿಡಗಳಿಗೂ ಮಾತ್ರ ಒಪ್ಪಿಕೊಂಡು, ಮಡಿಗೆ ಬಾವಿಯ ನೀರನ್ನೇ ಸೇದಿಸುತ್ತಿದ್ದರಂತೆ. ಬಾವಿ ಒಂದು ಬೇಸಗೆಯಲ್ಲಿ ಒಣಗಿತು. ಆ ಮೇಲೆ ತೊಗಲಿನ ಮಾತು ಮನೆಯಲ್ಲಿ ಬರಲಿಲ್ಲ.

ಈಗ ಒಂದು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. 1896ರಲ್ಲಿ ನೀರು ಬಂದಿತು, ಸರಿ. ಬಂದ ನೀರು ಎಲ್ಲಿಗೆ ಹೋಗಬೇಕು? ಕೊಡದಲ್ಲಿ ಹೊತ್ತು ತಂದ ನೀರನ್ನು ಮನುಷ್ಯನು ಕೊಡದ ಲೆಕ್ಕದಲ್ಲಿ ಬಳಸುತ್ತಾನೆ. ನಲ್ಲಿಯಲ್ಲಿ ಬಂದುದನ್ನು ಲೆಕ್ಕವಿಲ್ಲದೆ ಬಳಸುತ್ತಾನೆ. ಬಳಸಿ ಚೆಲ್ಲಿದ ನೀರು ಇಕ್ಕಟ್ಟಿನ ಪೇಟೆಯ ಬೀದಿಗಳಲ್ಲಿ, ಮಣ್ಣಿನ ಚರಂಡಿಗಳಲ್ಲಿ ನಿಂತಿತು. ಇದು ನಮ್ಮ ಊರೊಂದರದೇ ತಪ್ಪಲ್ಲ. ಲಂಡನ್ನಿನಲ್ಲಿಯೂ ಹೀಗೆಯೇ ನಡೆದಿದ್ದಿತು. ಚಾಡ್ವಿಕ್ಕನು 1842ರಲ್ಲಿ ತನ್ನ ಪ್ರಸಿದ್ಧ ವರದಿಯನ್ನು ಹೊರಡಿಸಿದ; 1848ರಲ್ಲಿ ಸಾರ್ವಜನಿಕ ಆರೋಗ್ಯದ ಶಾಸನವಾಯಿತು. ಆದರೂ ಥೇಮ್ಸ್ ನದಿ ಊರಿನ ಕೊಚ್ಚೆಯಾಗಿಯೇ ಇದ್ದಿತು. 1858ರ ಬೇಸಗೆಯಲ್ಲಿ ಅದರ ದುರ್ನಾತ ಪಾರ್ಲಿಮೆಂಟಿನ ಒಳಕ್ಕೇ ನುಗ್ಗಿತು. ಸುಣ್ಣದ ಕ್ಲೋರೈಡಿನಲ್ಲಿ ಅದ್ದಿದ ಪರದೆಗಳನ್ನು ಕಿಟಕಿಗಳಿಗೆ ಕಟ್ಟಿಕೊಂಡು ಕುಳಿತ ಸದಸ್ಯರು ಕೆಲವೇ ವಾರಗಳಲ್ಲಿ ಶಾಸನವನ್ನು ಮಾಡಿ, ಬೇಜಲ್ಗೆಟ್ ಎಂಬ ಇಂಜಿನಿಯರನಿಗೆ ಹಣವನ್ನೂ ಅಧಿಕಾರವನ್ನೂ ಕೊಟ್ಟರು. ಶಾಸನಸಭೆಗೆ ವಾಸನೆ ಬರುವಂತೆ ಇರುವುದೂ ಒಂದು ಭಾಗ್ಯವೇ. ಅಲ್ಲಿಯೂ ಚರಂಡಿಯನ್ನು 1855ರಿಂದ ಒಂದು ಸಾರ್ವಜನಿಕ ಮಂಡಲಿ ನೋಡಿಕೊಳ್ಳುತ್ತಿದ್ದರೆ, ನೀರನ್ನು ಖಾಸಗಿ ಕಂಪೆನಿಗಳು ಮಾರುತ್ತಿದ್ದವು. ಆ ಕಂಪೆನಿಗಳನ್ನು ಕೊಂಡು ಒಂದು ಮಂಡಲಿಗೆ ಒಪ್ಪಿಸುವ ಶಾಸನ ಬಂದುದು 1902ರಲ್ಲಿ.

ನಮ್ಮಲ್ಲಿ ಎಚ್ಚರಿಸಿದ್ದು ದುರ್ನಾತವಲ್ಲ, ಪ್ಲೇಗು. 1898ರ ಆಗಸ್ಟ್ ತಿಂಗಳಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟಿತು. ಪ್ಲೇಗು ನೀರಿನಿಂದ ಬರುವ ರೋಗವಲ್ಲ, ಇಲಿಯ ಚಿಗಟದಿಂದ ಬರುವುದು ಎಂಬುದು ಇಂದು ಶಾಲೆಯ ಹುಡುಗರಿಗೂ ಗೊತ್ತು. ಆದರೆ ಪೇಟೆಯ ಇಕ್ಕಟ್ಟನ್ನೂ ಕೊಳೆಯನ್ನೂ ಅದು ಬಯಲಿಗೆ ಎಳೆಯಿತು. ಜನ ಮನೆಗಳನ್ನು ಬಿಟ್ಟು ಹೊರಟರು. 1891ರಲ್ಲಿ ಪೇಟೆ ದಂಡುಗಳು ಸೇರಿ ಸುಮಾರು 1,80,000 ಇದ್ದ ಜನಸಂಖ್ಯೆ 1901ರಲ್ಲಿ ಸುಮಾರು 1,59,000ಕ್ಕೆ ಇಳಿದಿದ್ದಿತು. ಮಲ್ಲೇಶ್ವರ ಬಸವನಗುಡಿ ಬಡಾವಣೆಗಳು ಈ ಭಯದಲ್ಲಿ ಬೆಳೆದವು. ಮುಂಬಯಿಯಲ್ಲಿ 1898ರಲ್ಲಿಯೂ, ಮೈಸೂರು ನಗರದಲ್ಲಿ 1903ರಲ್ಲಿಯೂ ನಗರಾಭಿವೃದ್ಧಿಗಾಗಿಯೇ ಮುನಿಸಿಪಾಲಿಟಿಯಿಂದ ಬೇರೆಯಾದ ಮಂಡಲಿಗಳು ಏರ್ಪಟ್ಟವು. ಬೆಂಗಳೂರು ಇಂಥ ಮಂಡಲಿಯನ್ನು ಪಡೆದುದು 1945ರಲ್ಲಿ.

ಆ ಹೊಸ ಬಡಾವಣೆಗಳಲ್ಲಿ ಅಗಲವಾದ ಬೀದಿಗಳು, ಗಾಳಿ ಬೆಳಕುಗಳ ಮನೆಗಳು, ಉದ್ಯಾನಗಳು. ಇವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಸಂದಿಯನ್ನು ಬಿಟ್ಟಿದ್ದರು. ಅದಕ್ಕೆ ಕನ್ಸರ್ವೆನ್ಸಿ ಗಲ್ಲಿಯೆಂದು ಹೆಸರು. ನಾನು ಬೆಳೆದ ಮನೆಯ ಹಿಂದೆಯೂ ಅಂಥದೊಂದು ಇದ್ದಿತು. ಹುಡುಗರಾದ ನಮಗೆ ಅದು ಚೆಂಡು ಬಿದ್ದರೆ ಹುಡುಕುವ ಜಾಗ. ಅದರ ನಿಜವಾದ ಉಪಯೋಗವನ್ನು ತಿಳಿದದ್ದು ಬಹಳ ತಡವಾಗಿ. ಮುಂಬಾಗಿಲಿನಿಂದ ಬರಲಾಗದ ಮನುಷ್ಯನು ಹಿಂದಿನಿಂದ ಬಂದು, ಕಕ್ಕಸಿನ ಗೋಡೆಯ ಕಂಡಿಯಿಂದ ಮಲವನ್ನು ತೆಗೆದು, ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತುಕೊಂಡು, ಯಾರ ಕಣ್ಣಿಗೂ ಬೀಳದೆ ಹೋಗುವ ದಾರಿ ಅದು. ನಗರದ ನಕ್ಷೆಯೊಳಗೆ ಜಾತಿಪದ್ಧತಿಯನ್ನು ಅಳತೆಗೋಲಿನಿಂದ ಗೆರೆಯೆಳೆದು ಸೇರಿಸಿದ್ದರು. ನೀರನ್ನು ತರುವುದಕ್ಕೆ ಆವಿಯಂತ್ರವಿದ್ದ ಕಾಲದಲ್ಲಿ ಕೊಳೆಯನ್ನು ಒಯ್ಯುವುದಕ್ಕೆ ಮನುಷ್ಯನ ತಲೆ ಇದ್ದಿತು. ಹೆಸರಘಟ್ಟಕ್ಕೆ ಮಹಾರಾಜರ ಹೆಸರನ್ನಿಟ್ಟರು. ಈ ಜನರ ಹೆಸರುಗಳನ್ನು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಅವರಲ್ಲಿ ಹಲವರು ತೆಲುಗು ಸೀಮೆಯಿಂದ ಬಂದ ಕುಟುಂಬಗಳವರು. ಅವರ ಮೊಮ್ಮಕ್ಕಳು ಇಂದಿಗೂ ನಗರದ ಬೀದಿಗಳನ್ನು ಗುಡಿಸುವುದನ್ನು ಕಾಣುತ್ತೇವೆ.

ಒಳಚರಂಡಿಯ ಕೆಲಸ 1922ರ ಸುಮಾರಿಗೆ ಊರಿನ ನಡುಭಾಗದಲ್ಲಿ ಆರಂಭವಾದರೂ, ನಗರಕ್ಕೆಲ್ಲ ವ್ಯಾಪಿಸುವಂಥ ಯೋಜನೆಯನ್ನು ಕೈಗೊಂಡುದು 1950ರ ಮೇಲೆ. ನೀರು ಬಂದ ಐವತ್ತು ವರ್ಷಗಳಿಗೂ ಹೆಚ್ಚಿನ ಕಾಲದ ಮೇಲೆ ಎಂದಾಯಿತು. ಈ ನಡುವೆ ಹೆಸರಘಟ್ಟ ಬತ್ತಲಾರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ಅರ್ಕಾವತಿ ಕುಮುದ್ವತಿಗಳು ಕೂಡುವಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ 1933ರಲ್ಲಿ ಸಿದ್ಧವಾಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್.

1947ರ ಜುಲೈ ತಿಂಗಳಿನಲ್ಲಿ ದಂಡಿನ ಪ್ರದೇಶ ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ಮುನಿಸಿಪಾಲಿಟಿಗಳನ್ನೂ ಕೂಡಿಸಿ ಒಂದು ಕಾರ್ಪೊರೇಷನ್ನನ್ನು ಮಾಡಿದರು. ನೂರು ನಲವತ್ತು ವರ್ಷಗಳ ಮೇಲೆ ದಿಣ್ಣೆಯ ಮೇಲಿನ ಎರಡು ಊರುಗಳು ಒಂದಾದವು. ಆದರೂ ನೀರಿನ ಆಡಳಿತ ಒಂದಾಗಲಿಲ್ಲ. ನೀರನ್ನು ದೂರದಿಂದ ತರುವುದು ಸರ್ಕಾರದ ಇಂಜಿನಿಯರುಗಳ ಕೆಲಸ. ಹಂಚುವುದೂ ಚರಂಡಿಯನ್ನು ನೋಡಿಕೊಳ್ಳುವುದೂ ಕಾರ್ಪೊರೇಷನ್ನಿನ ಕೆಲಸ. ನಲ್ಲಿಯಲ್ಲಿ ನೀರು ಬಾರದ ದಿನ ಒಬ್ಬರು ಇನ್ನೊಬ್ಬರ ಕಡೆಗೆ ಬೆರಳು ತೋರಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೊಂದಿಲ್ಲ.

ಇದನ್ನು ಕೊನೆಗಾಣಿಸಲೆಂದು ಬಂದುದು 1964ರ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಶಾಸನ. ನನ್ನ ಅಭಿಪ್ರಾಯದಲ್ಲಿ ನಗರದ ಚರಿತ್ರೆಯಲ್ಲಿ ಹೆಸರಘಟ್ಟದಷ್ಟೇ ದೊಡ್ಡ ಘಟನೆ ಇದು. ಶಾಸನಕ್ಕೆ ಅಣೆಕಟ್ಟಿನಂತೆ ಹೋಗಿ ನೋಡುವ ಮೈಯಿಲ್ಲವಾದ್ದರಿಂದ ಯಾರೂ ನೆನೆಯುವುದಿಲ್ಲ, ಅಷ್ಟೆ. ಶಾಸನದ ಹೆಸರಿನಲ್ಲಿಯೇ ಇರುವ ‘ಮತ್ತು’ ಎಂಬ ಶಬ್ದವನ್ನು ಗಮನಿಸಿ. ನೀರನ್ನು ತರುವವನೂ ಕೊಳೆಯನ್ನು ಒಯ್ಯುವವನೂ ಒಬ್ಬನೇ ಆಗಬೇಕು ಎಂಬ ತತ್ತ್ವ ಆ ಒಂದು ಶಬ್ದದಲ್ಲಿದೆ. ಎರಡನೆಯದಾಗಿ, ಮಂಡಲಿಯು ಸರ್ಕಾರದಿಂದ ಬಂದ ಅನುದಾನ ಮುಂತಾದುವನ್ನು ಲೆಕ್ಕಕ್ಕೆ ಹಿಡಿದು ಸಾಧ್ಯವಿದ್ದಮಟ್ಟಿಗೆ ನಷ್ಟವಿಲ್ಲದೆ ಕೆಲಸ ನಡೆಸಬೇಕೆಂದು ಶಾಸನ ವಿಧಿಸಿತು. ನೀರು ಧರ್ಮಾರ್ಥವಲ್ಲ, ಅದಕ್ಕೆ ಬೆಲೆಯುಂಟು ಎಂದಾಯಿತು.

ಈ ಎರಡನೆಯ ತತ್ತ್ವ ಒಂದು ವಿನೋದವಾದ ಮೊಕದ್ದಮೆಗೆ ದಾರಿಮಾಡಿತು. ಮಂಡಲಿಯ ಕೆಲವು ನೌಕರರಿಗೆ ದಂಡ ಹಾಕಿದ ಒಂದು ಸಣ್ಣ ಸಂಗತಿ ವ್ಯಾಜ್ಯವಾಗಿ, ಮಂಡಲಿಯು ತಾನು ‘ಕೈಗಾರಿಕೆ’ಯಲ್ಲ, ಜನರಿಗೆ ಮೂಲ ಸೌಕರ್ಯವನ್ನು ಒದಗಿಸುವ ರಾಜಕಾರ್ಯವನ್ನು ನಡೆಸುವ ಸಂಸ್ಥೆ, ಆದಕಾರಣ ಕಾರ್ಮಿಕರ ಶಾಸನ ತನಗೆ ತಾಗದು ಎಂದು ವಾದಿಸಿತು. 1978ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳ ಪೀಠ ಈ ವಾದವನ್ನು ತಳ್ಳಿಹಾಕಿತು. ಮುಖ್ಯ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ದುಡಿಯುವವನೂ ದುಡಿಸುವವನೂ ವ್ಯವಸ್ಥಿತವಾಗಿ ಕೂಡಿ ಜನರಿಗೆ ಬೇಕಾದುದನ್ನು ಒದಗಿಸಿದರೆ ಅದು ಕೈಗಾರಿಕೆಯೇ ಎಂದಾಯಿತು. ಆಸ್ಪತ್ರೆ ವಿದ್ಯಾಲಯಗಳೂ ಆ ವ್ಯಾಖ್ಯೆಯೊಳಗೆ ಬಂದವು. ಹೀಗೆ ನಮ್ಮ ಊರಿನ ನೀರಿನ ಮಂಡಲಿಯ ಹೆಸರು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲರಿಗೂ ಬಾಯಿಪಾಠವಾಯಿತು.

ಅದಂತಿರಲಿ. ಮಂಡಲಿಯ ಮೊದಲ ದೊಡ್ಡ ಕೆಲಸ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಮೂರು ಮಜಲುಗಳಲ್ಲಿ ಎತ್ತಿ, ನದಿಯನ್ನು ದಿಣ್ಣೆಯ ಮೇಲಕ್ಕೆ ತರಬೇಕು. 1974ರಲ್ಲಿ ಮೊದಲ ಹಂತ ಬಂದಾಗ ದಿನಕ್ಕೆ 13.5 ಕೋಟಿ ಲೀಟರ್. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದೇ 77.5 ಕೋಟಿ ಲೀಟರ್. ಮಂಡಲಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುಚ್ಛಕ್ತಿಗೆ ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಲ್ಲಿಗೆ ಆ ದಿಣ್ಣೆಯ ಮಾತು ಮರಳಿ ಬರುತ್ತದೆ. ಕಾವೇರಿಯ ನೀರು ಕಾವೇರಿಯ ಕೊಳ್ಳದವರದು ಎಂಬುದು ಅಂತರರಾಜ್ಯ ವ್ಯಾಜ್ಯದ ಒಂದು ಮೂಲಸೂತ್ರ. ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಕೊಳ್ಳದಲ್ಲಿದೆ; ಉಳಿದುದು ದಿಣ್ಣೆಯ ಆಚೆ. ಆದಕಾರಣ 2007ರಲ್ಲಿ ನ್ಯಾಯಮಂಡಲಿಯು ನಗರದ ಆ ಒಂದು ಭಾಗವನ್ನೇ ಲೆಕ್ಕಕ್ಕೆ ಹಿಡಿಯಿತು. ಬೇಕಾದುದರಲ್ಲಿ ಅರ್ಧವನ್ನು ನೆಲದಡಿಯಿಂದ ಪಡೆಯಬಹುದೆಂದಿತು. ಉಳಿದರ್ಧದಲ್ಲಿಯೂ ನಿಜವಾಗಿ ವ್ಯಯವಾಗುವುದು ನೂರಕ್ಕೆ ಇಪ್ಪತ್ತು, ಮಿಕ್ಕದ್ದು ಚರಂಡಿಯಾಗಿ ಮರಳುವುದೆಂದು ಎಣಿಸಿ, ಕೊನೆಗೆ 1.75 ಸಾವಿರ ದಶಲಕ್ಷ ಘನ ಅಡಿಯನ್ನು ಕೊಟ್ಟಿತು. ಒಂದೇ ಬೀದಿಯ ಎಡಸಾಲಿನ ಮನೆಯವನಿಗೆ ಕಾವೇರಿಯ ಮೇಲೆ ಹಕ್ಕುಂಟು, ಬಲಸಾಲಿನವನಿಗೆ ಇಲ್ಲ ಎಂಬಂತಾಯಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಈ ಎಣಿಕೆಯನ್ನು ಒಪ್ಪದೆ, ಕುಡಿಯುವ ನೀರಿನ ಅಗತ್ಯಕ್ಕೆ ಕೊಳ್ಳದ ಗೆರೆಯನ್ನು ಅಡ್ಡಹಾಕಬಾರದೆಂದು, ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟ 14.75ರಲ್ಲಿ 4.75ನ್ನು ಬೆಂಗಳೂರಿನ ಹೆಸರಿಗೆ ಬರೆಯಿತು. ನಾನಾದರೋ ಈ ತೀರ್ಪನ್ನು ಸಂತೋಷದಿಂದ ಓದಿದೆ. ಆದರೆ ಮಂಡ್ಯದ ನನ್ನ ನಂಟರೊಬ್ಬರು ಓದಿ ಸುಮ್ಮನಾದರು. ಅವರ ಮೌನಕ್ಕೆ ಕಾರಣವಿಲ್ಲವೆನ್ನಲಾರೆ.

1964ರ ಶಾಸನ ಕೂಡಿಸದೆ ಬಿಟ್ಟುದೂ ಉಂಟು. ಕೊಳಾಯಿಯ ನೀರೂ ಒಳಚರಂಡಿಯೂ ಮಂಡಲಿಗೆ ಬಂದವು. ಮಳೆಯ ನೀರಿನ ಕಾಲುವೆಗಳು ಕಾರ್ಪೊರೇಷನ್ನಿಗೆ ಉಳಿದವು. ಕೆರೆಗಳು ಒಮ್ಮೆ ಒಬ್ಬರ, ಒಮ್ಮೆ ಇನ್ನೊಬ್ಬರ ಕೈಗೆ ಬಿದ್ದವು. ನೆಲದಡಿಯ ನೀರು ನೆಲದೊಡೆಯನದೇ ಎಂಬ ಹಳೆಯ ಇಂಗ್ಲಿಷ್ ನ್ಯಾಯ ಬಹುಕಾಲ ನಡೆಯಿತು. ಕೊಳಾಯಿಯ ನೀರು ಬರುವುದೆಂಬ ಧೈರ್ಯದಲ್ಲಿ ಹಿಂದಿನ ಕೆರೆಗಳನ್ನು ನಿರಾತಂಕವಾಗಿ ತುಂಬಿದರು. ಧರ್ಮಾಂಬುಧಿ ಬಸ್ಸುಗಳ ನಿಲ್ದಾಣವಾಯಿತು, ಸಂಪಂಗಿ ಕ್ರೀಡಾಂಗಣವಾಯಿತು. 2009ರ ತಿದ್ದುಪಡಿಯಲ್ಲಿ ಮಳೆನೀರಿನ ಕೊಯ್ಲನ್ನು ದೊಡ್ಡ ನಿವೇಶನಗಳವರಿಗೆ ಕಡ್ಡಾಯಮಾಡಿದುದೂ, 2011ರಲ್ಲಿ ಅಂತರ್ಜಲಕ್ಕೆ ಬೇರೊಂದು ಶಾಸನ ಬಂದುದೂ ಈ ತಪ್ಪನ್ನು ತಡವಾಗಿ ತಿದ್ದುವ ಯತ್ನಗಳು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಜನ 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ದಾರಿ ಕಾಯುತ್ತ ನಿಂತುದನ್ನು ನಾವೆಲ್ಲ ಕಂಡೆವು. 2025ರಲ್ಲಿ ನಗರದ ಒಂದು ಪಾಲಿಕೆ ಐದಾಯಿತು. ನೀರಿನ ಮಂಡಲಿ ಮಾತ್ರ ಒಂದೇ.

ಮಲವನ್ನು ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು 1970ರ ದಶಕದಲ್ಲಿ ಮುಂದಾದವರು ದೇವರಾಜ ಅರಸರ ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು. ದೇಶಕ್ಕೆಲ್ಲ ಶಾಸನ ಬರಲು 1993ರವರೆಗೆ ಕಾಯಬೇಕಾಯಿತು. ಅದು ಸಾಲದೆ 2013ರಲ್ಲಿ ಇನ್ನೊಂದು ಬಂದಿತು. ಬುಟ್ಟಿ ಹೋಯಿತು. ಆದರೆ ಮ್ಯಾನ್‌ಹೋಲಿಗೆ ಇಳಿದವರು ಉಸಿರುಕಟ್ಟಿ ಸತ್ತ ಸುದ್ದಿ ಎರಡನೆಯ ಶಾಸನ ಬಂದ ಮೇಲೂ ಪತ್ರಿಕೆಗಳಲ್ಲಿ ಬಂದಿದೆ. ಹಿಂದಿನ ಗಲ್ಲಿಯಲ್ಲಿ ನಡೆಯುತ್ತಿದ್ದುದು ನೆಲದ ಕೆಳಕ್ಕೆ ಇಳಿಯಿತು.

ನಗರ ಚೆಲ್ಲಿದ ನೀರು ಈಗ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಿ ಮುಗಿಸುತ್ತೇನೆ. ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೊದಲು ತುಂಬಿದುದು ಲಕ್ಷ್ಮೀಸಾಗರದ ಕೆರೆ. ಕಾವೇರಿಯಿಂದ ದಿಣ್ಣೆ ಹತ್ತಿ ಬಂದ ನೀರು, ಬೆಂಗಳೂರಿನ ಅಡಿಗೆಮನೆ ಬಚ್ಚಲುಮನೆಗಳನ್ನು ಹಾದು, ದಿಣ್ಣೆಯ ಆಚೆಯ ಬಯಲುಸೀಮೆಗೆ ಇಳಿಯುತ್ತಿದೆ. ಸುತ್ತಲಿನ ಬಾವಿಗಳಲ್ಲಿ ನೀರೂಡಿತೆಂದು ಕೆಲವು ರೈತರು ಸಂತೋಷಪಡುತ್ತಾರೆ. ಮೂರನೆಯ ಹಂತದ ಶುದ್ಧಿಯಾಗದೆ ಈ ನೀರು ಬೇಡವೆಂದು ಕೆಲವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಈ ನೀರು ಇಂಗುವುದಕ್ಕೆಂದೇ ಬಿಟ್ಟುದು, ನೇರವಾಗಿ ಗದ್ದೆಗೆ ಬಿಡುವುದಕ್ಕಲ್ಲ ಎಂದು ಸರ್ಕಾರದ ಕಟ್ಟಳೆ. ಹೀಗಾಗಿ, ಎಷ್ಟೋ ವರ್ಷಗಳ ಮೇಲೆ ಕೆರೆ ಕೋಡಿಬಿದ್ದಿದ್ದರೂ ಊರ ನೀರುಗಂಟಿ ತೂಬನ್ನು ತೆರೆಯುವಂತಿಲ್ಲ.